ಮಾಣಿಯ ದಂಡ, ಧಣಿಯ ದಂಡ

(ಹೈದರಾಬಾದಿನಲ್ಲಿ ನಮ್ಮ ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಸಂಘದ ಕೂಟದಲ್ಲಿ ಕಾಲ್ಚೆಂಡಾಟದ ಮಾತು ಏಕೆ ಎಂದು ಕೆಲವರು ಬಾಗಿಲಲ್ಲೇ ಕೇಳಿದಿರಿ. ಬೋನಸ್ಸಿನ ಮಾತು ಬಿಟ್ಟು ಚೆಂಡಿನ ಮಾತು ಹಿಡಿದಿದ್ದಾನೆ, ಇವನಿಗೆ ಬೇರೆ ಕೆಲಸವಿಲ್ಲವೇ ಎಂದವರೂ ಉಂಟು. ಸ್ವಲ್ಪ ತಾಳಿರಿ. ಆಟದ ಬಗ್ಗೆ ನನಗೆ ತಿಳಿದಿರುವುದು ಕಡಿಮೆ. ಸಂಬಳ ಬಾಕಿಯ ಬಗ್ಗೆ, ದಂಡದ ಬಗ್ಗೆ ನಮಗೆಲ್ಲರಿಗೂ ತಿಳಿದಿರುವುದು ಬಹಳ. ಈ ಊರಿನ ತಂಡವೊಂದು ಸಂಬಳ ಬಾಕಿಯಲ್ಲಿ ಮುಳುಗಿ, ಕೊನೆಗೆ ಊರನ್ನೇ ಬಿಟ್ಟುಹೋಯಿತು. ಅಲ್ಲಿ ಯಾರಿಗೆ ದಂಡ ಬಿತ್ತು, ಯಾರು ಪಾರಾದರು ಎಂಬುದನ್ನು ನಾವು ನೋಡಬೇಕು.

ಹೈದರಾಬಾದ್ ಎಫ್.ಸಿ. ಎಂಬ ತಂಡ 2019ರಲ್ಲಿ ಹುಟ್ಟಿತು. ಪುಣೆಯ ತಂಡ ಮುಚ್ಚಿದ ಮೇಲೆ ಅದರ ಜಾಗಕ್ಕೆ ಇಂಡಿಯನ್ ಸೂಪರ್ ಲೀಗಿನೊಳಗೆ ಬಂದದ್ದು ಇದು. ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ ಇದರ ಮನೆಯಾಗಿತ್ತು. ಮೂರನೆಯ ಸೀಸನ್ನಿಗೇ, 2022ರ ಮಾರ್ಚ್ 20ರಂದು, ಗೋವೆಯ ಫತೋರ್ಡಾದಲ್ಲಿ ಕೇರಳ ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಲೀಗಿನ ಕಪ್ಪು ಗೆದ್ದಿತು. ಆಟ ಒಂದಕ್ಕೊಂದು ಸಮವಾಗಿ ಪೆನಾಲ್ಟಿಗೆ ಹೋದಾಗ, ಗೋಲಿನ ಮುಂದೆ ನಿಂತು ಮೂರು ಒದೆತಗಳನ್ನು ತಡೆದವರು ಲಕ್ಷ್ಮೀಕಾಂತ ಕಟ್ಟಿಮನಿ. ಅವರು ಗೋವೆಯವರು. ಆದರೂ ಹೆಸರು ಕೇಳಿದೊಡನೆ ನಮ್ಮ ಬೆಳಗಾವಿ, ಧಾರವಾಡದ ಕಡೆಯ ಹುಡುಗರು ತಮ್ಮ ಮನೆಯವನೇ ಎಂಬಂತೆ ಕುಣಿದರು. ಕುಣಿಯಲಿ, ತಪ್ಪಿಲ್ಲ.

ಆ ಕಪ್ಪು ಬಂದು ಎರಡು ವರ್ಷ ತುಂಬುವುದರೊಳಗೆ ಏನಾಯಿತು ನೋಡಿ. 2023-24ರ ಸೀಸನ್ನಿನಲ್ಲಿ ಆಟಗಾರರಿಗೂ ಸಿಬ್ಬಂದಿಗೂ ಸಂಬಳ ತಪ್ಪಿತು. ಪರದೇಶದ ಆಟಗಾರರು ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿದರು. ಬಾಕಿ ತೀರಿಸದ ಕಾರಣ ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ನಿಷೇಧ ಬಿತ್ತು. ಜಮ್‌ಶೆಡ್‌ಪುರದ ಒಂದು ಹೋಟೆಲಿನವರು, ತಂಡದವರು ಇಳಿದುಕೊಂಡ ಬಿಲ್ಲು ಬರಲಿಲ್ಲವೆಂದು ಪೊಲೀಸರಿಗೆ ದೂರು ಕೊಟ್ಟ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. (ಆ ಬಿಲ್ಲಿನ ಹಿಂದೆ ಹಾಸಿಗೆ ಹಾಸಿದವರು, ಎಂಜಲು ತಟ್ಟೆ ತೊಳೆದವರು ನಮ್ಮಂಥವರೇ.) ಉಳಿದವರು ಎಳೆಯ ಹುಡುಗರು. 22 ಆಟ ಆಡಿ ಒಂದೇ ಒಂದು ಗೆದ್ದು, 8 ಅಂಕದೊಡನೆ ಕೊನೆಯ ಸ್ಥಾನಕ್ಕೆ ಇಳಿದರು. 2024ರಲ್ಲಿ ಮಾಲಿಕರು ಬದಲಾದರು. 2025ರ ಅಕ್ಟೋಬರಿನಲ್ಲಿ ತಂಡ ದೆಹಲಿಗೆ ಹೋಗಿ ಬೇರೆ ಹೆಸರು ಇಟ್ಟುಕೊಂಡಿತು.

ಇಲ್ಲಿಯ ಹಿರಿಯರು ಹೈದರಾಬಾದ್ ಸಿಟಿ ಪೊಲೀಸ್ ತಂಡದ ಹೆಸರು ಕೇಳಿದ್ದಾರೆ. ಶಾಲಾಮಾಸ್ತರರಾಗಿದ್ದ ಸಯ್ಯದ್ ಅಬ್ದುಲ್ ರಹೀಮ್ ಸಾಹೇಬರು ತಯಾರು ಮಾಡಿದ ತಂಡ ಅದು. ಬೊಂಬಾಯಿಯ ರೋವರ್ಸ್ ಕಪ್ಪನ್ನು 1950ರಿಂದ 1954ರವರೆಗೆ ಐದು ವರ್ಷ ಬಿಡದೆ ಗೆದ್ದುಕೊಂಡು ಬಂದಿತು. 1956ರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಇಂಡಿಯಾ ನಾಲ್ಕನೆಯದಾಗಿ ನಿಂತದ್ದೂ, 1962ರಲ್ಲಿ ಜಕಾರ್ತದ ಏಷ್ಯನ್ ಆಟಗಳಲ್ಲಿ ಚಿನ್ನ ಗೆದ್ದದ್ದೂ ರಹೀಮರ ಕೈಕೆಳಗೇ. ಆ ಪೊಲೀಸ್ ಆಟಗಾರರಿಗೆ ಕೋಟಿಗಳಿರಲಿಲ್ಲ. ಆದರೆ ಸರ್ಕಾರಿ ಸಂಬಳವಿತ್ತು. ಗೆದ್ದರೂ ಸೋತರೂ, ಕಾಲು ಮುರಿದರೂ ತಿಂಗಳ ಕೊನೆಗೆ ಕೈಗೆ ಬರುತ್ತಿತ್ತು. ಹಳೆಯ ಕಾಲವೇ ಚೆಂದ ಎಂದು ಹಾಡಲು ನಾನು ಬಂದಿಲ್ಲ. ಈಗಿನ ಹುಡುಗನಿಗೆ ಹೆಚ್ಚು ಹಣ ಸಿಕ್ಕರೆ ಸಂತೋಷವೇ. ಕರಾರಿನಲ್ಲಿ ಬರೆದ ಹಣ ಬರಬೇಕು, ಅಷ್ಟೆ.

ಬಾರದಿದ್ದರೆ ಏನು? ನಿಯಮಗಳಿಲ್ಲವೆಂದಲ್ಲ. ಜಗತ್ತಿನ ಕಾಲ್ಚೆಂಡಿನ ಒಡೆತನವೆಲ್ಲ ಫೀಫಾ ಎಂಬ ಸಂಸ್ಥೆಯ ಕೈಯಲ್ಲಿದೆ. ಎರಡು ತಿಂಗಳ ಸಂಬಳವನ್ನು ಅನ್ಯಾಯವಾಗಿ ತಡೆದರೆ, ಆಟಗಾರನು ಲಿಖಿತ ನೋಟೀಸು ಕೊಟ್ಟು 15 ದಿನ ಕಾದು, ಕರಾರು ಮುರಿದು ಹೋಗಬಹುದೆಂದು ಅದರ ನಿಯಮ ಹೇಳುತ್ತದೆ. ಬಾಕಿ ಕೊಡೆಂದು ಆಜ್ಞೆಯಾದ ಮೇಲೂ ಕೊಡದ ಕ್ಲಬ್ಬು ಹೊಸ ಆಟಗಾರರನ್ನು ತೆಗೆದುಕೊಳ್ಳುವಂತಿಲ್ಲ. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಎರಡು ತಿಂಗಳು ಬಾಕಿಯಾದಾಗ ನೋಟೀಸು ಬಿಸಾಡಿ ಇನ್ನೊಂದು ಹೋಟೆಲಿಗೆ ಅದೇ ಸಂಬಳಕ್ಕೆ ಹೋಗುವ ಭಾಗ್ಯ ನಮ್ಮಲ್ಲಿ ಎಷ್ಟು ಮಂದಿಗೆ ಇದೆ?

ಆದರೆ ಆ ನಿಯಮದ ಬೆನ್ನು ಹತ್ತಿ ಹೋಗಿ ನೋಡಿ. ಆ ದಾರಿ ಆಟಗಾರನಿಗೂ ಕೋಚಿಗೂ ಮಾತ್ರ. ತಂಡದ ಬಟ್ಟೆ ಒಗೆಯುವವನು, ಬಸ್ಸು ಓಡಿಸುವವನು, ಅಡಿಗೆ ಭಟ್ಟ, ಹುಲ್ಲಿಗೆ ನೀರು ಬಿಡುವ ಮಾಲಿ ಇವರಿಗೆ ಸ್ವಿಟ್ಜರ್ಲೆಂಡಿನ ನ್ಯಾಯಮಂಡಳಿ ಇಲ್ಲ. ಲೇಬರ್ ಆಫೀಸಿನ ಬೆಂಚೇ ಗತಿ. ಎರಡನೆಯದಾಗಿ, ಹೊಸಬರು ಬೇಡವೆಂಬ ನಿಷೇಧ ಬಿದ್ದದ್ದು ಯಾರ ಮೈಮೇಲೆ? ಸಂಬಳ ತಡೆದ ಮಾಲಿಕರು ಮನೆಯಲ್ಲಿ ಕುಳಿತಿದ್ದರು. ಹನ್ನೊಂದು ಜನ ಕೂಡಿಸುವುದೇ ಕಷ್ಟವಾಗಿ, ಸಂಬಳವೂ ಇಲ್ಲದೆ, ವಾರವಾರವೂ ಸೋತು ಬೈಸಿಕೊಂಡವರು ಉಳಿದ ಹುಡುಗರು. ಸಾಲ ಮಾಡಿದವನು ಹಿತ್ತಲ ಬಾಗಿಲಿನಿಂದ ಹೋದ, ಸಾಲಗಾರರ ಎದುರು ಮಕ್ಕಳು ನಿಂತರು.

ಕೆಳಗಿಳಿಯುವ ದಂಡದ ಇನ್ನೊಂದು ಕಥೆ ನಮ್ಮ ಬೆಂಗಳೂರಿನದೇ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರಿಗೂ ಕೇರಳ ಬ್ಲಾಸ್ಟರ್ಸಿಗೂ ಪಂದ್ಯ. ಹೆಚ್ಚಿನ ಸಮಯದ ಆಟದಲ್ಲಿ ಸುನಿಲ್ ಛೇತ್ರಿ ಫ್ರೀ ಕಿಕ್ಕನ್ನು ಥಟ್ಟನೆ ಹೊಡೆದು ಗೋಲು ಮಾಡಿದರು. ನಾವಿನ್ನೂ ಸಿದ್ಧರಿರಲಿಲ್ಲವೆಂದು ಕೇರಳದ ಕೋಚ್ ತಂಡವನ್ನೇ ಮೈದಾನದಿಂದ ಹೊರಗೆ ಕರೆದರು. ಅಖಿಲ ಭಾರತ ಫೆಡರೇಷನ್ನು ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು. ಕೋಚಿಗೆ 10 ಪಂದ್ಯಗಳ ನಿಷೇಧ, 5 ಲಕ್ಷ ದಂಡ. ಇಷ್ಟು ಎಲ್ಲರಿಗೂ ಗೊತ್ತು. ಮರುವರ್ಷ ಕ್ರೀಡಾ ನ್ಯಾಯಾಲಯದ ಕಾಗದಗಳಿಂದ ಇನ್ನೊಂದು ಸಂಗತಿ ಹೊರಬಿತ್ತು. ಕ್ಲಬ್ಬು ತಾನೇ ಆ ಕೋಚಿಗೆ ಬೇರೆಯಾಗಿ 1 ಕೋಟಿ ರೂಪಾಯಿ ದಂಡ ಹಾಕಿತ್ತಂತೆ! ಕೋಚು ಬಡವನಲ್ಲ, ಅವನಿಗಾಗಿ ನಾನು ಅಳುವುದಿಲ್ಲ. ತಪ್ಪೂ ಅವನದೇ ಇರಬಹುದು. ಆದರೆ ಮೇಲಿನವನಿಗೆ ಬಿದ್ದ ದಂಡ ಕೆಳಗಿನವನ ಸಂಬಳದತ್ತ ಹರಿಯುವ ಈ ರೀತಿಯನ್ನು ನಾವು ಬಲ್ಲೆವು. ಮುನಿಸಿಪಾಲಿಟಿಯವರು ಕೊಳಕಿನ ಕಾರಣ ಹೋಟೆಲಿಗೆ ದಂಡ ಹಾಕಿದರೆ, ಸಂಜೆ ಕ್ಲೀನರ್ ಹುಡುಗನ ಲೆಕ್ಕಕ್ಕೆ ಎಷ್ಟು ಬರೆಯುತ್ತಾರೆ?

ನಾನು ಮೊದಲು ಕೆಲಸಕ್ಕೆ ನಿಂತ ಹೋಟೆಲಿನಲ್ಲಿ (ಹೆಸರು ಬೇಡ) ಒಂದು ಗ್ಲಾಸು ಒಡೆದರೆ ಮೂರು ಗ್ಲಾಸಿನ ಹಣ ಮುರಿಯುತ್ತಿದ್ದರು. ಒಂದು ಗ್ಲಾಸಿಗೆ, ಒಂದು ಅಜಾಗ್ರತೆಗೆ, ಒಂದು ಮುಂದೆ ಒಡೆಯಲಿರುವುದಕ್ಕೆ! ಹಾಗೆಂದು ಗಲ್ಲೆಯ ಮೇಲಿದ್ದವರು ನಗುತ್ತ ಹೇಳುತ್ತಿದ್ದರು. ಕಾನೂನು ಇಂಥದನ್ನು ಒಪ್ಪುವುದಿಲ್ಲ. 1936ರ ವೇತನ ಪಾವತಿ ಕಾಯಿದೆಯ ಕಾಲದಿಂದಲೂ ಕೆಲಸಗಾರನ ದಂಡಕ್ಕೆ ಕಟ್ಟುಪಾಡು ಉಂಟು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿಯೂ ಅವು ಉಳಿದಿವೆ. ಯಾವ ತಪ್ಪಿಗೆ ದಂಡ ಎಂಬುದನ್ನು ಮೊದಲೇ ನೋಟೀಸು ಹಚ್ಚಿ ತಿಳಿಸಬೇಕು. ನಮ್ಮ ಮಾತು ಕೇಳದೆ ದಂಡ ಹಾಕಕೂಡದು. ಒಂದು ಬಟವಾಡೆಯಲ್ಲಿ ಒಟ್ಟು ದಂಡ ಸಂಬಳದ ನೂರಕ್ಕೆ ಮೂರನ್ನು ಮೀರಕೂಡದು. ಒಡೆದ ಸಾಮಾನಿಗೆ ಮುರಿಯುವುದಾದರೆ ಆದ ನಷ್ಟಕ್ಕಿಂತ ಒಂದು ಪೈಸೆಯೂ ಹೆಚ್ಚು ಮುರಿಯಕೂಡದು. ಎಲ್ಲಕ್ಕಿಂತ ನನಗೆ ಮೆಚ್ಚಾದದ್ದು ಇದು: ದಂಡದ ಹಣ ಧಣಿಯ ಜೇಬಿಗೆ ಹೋಗುವಂತಿಲ್ಲ, ರಿಜಿಸ್ಟರಿನಲ್ಲಿ ಬರೆದು ಕೆಲಸಗಾರರ ಹಿತಕ್ಕೇ ಖರ್ಚು ಮಾಡಬೇಕು.

ನೂರಕ್ಕೆ ಮೂರು. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು ನನ್ನೊಡನೆ ವಿಲಾಯತಿಗೆ ಬನ್ನಿ. ಅಲ್ಲಿ ಕ್ಲಬ್ಬು ತನ್ನ ಗಳಿಕೆಗಿಂತ ಬಹಳ ಹೆಚ್ಚು ಖರ್ಚು ಮಾಡಬಾರದೆಂದು ನಿಯಮವಿದೆ. ಮ್ಯಾಂಚೆಸ್ಟರ್ ಸಿಟಿ ಎಂಬ ಕ್ಲಬ್ಬಿನ ಮಾಲಿಕರು ಅಬುಧಾಬಿಯ ರಾಜಮನೆತನದವರು. ಯುರೋಪಿನ ಸಂಸ್ಥೆಯು 2020ರ ಫೆಬ್ರವರಿಯಲ್ಲಿ ಅದಕ್ಕೆ ಎರಡು ವರ್ಷದ ನಿಷೇಧವನ್ನೂ 3 ಕೋಟಿ ಯೂರೋ ದಂಡವನ್ನೂ ಹಾಕಿತು. ಜುಲೈಯಲ್ಲಿ ಕ್ರೀಡಾ ನ್ಯಾಯಾಲಯ ನಿಷೇಧವನ್ನು ತೆಗೆಯಿತು. ಕೆಲವು ಆರೋಪಗಳು ರುಜುವಾತಾಗಲಿಲ್ಲ, ಕೆಲವಕ್ಕೆ ಕಾಲ ಮೀರಿತ್ತು; ವಿಚಾರಣೆಗೆ ಸಹಕರಿಸದ ತಪ್ಪಿಗೆ ಮಾತ್ರ 1 ಕೋಟಿ ಯೂರೋ ದಂಡ ಉಳಿಯಿತು. ಕ್ಲಬ್ಬಿನ 2018-19ರ ಆದಾಯವೋ 53 ಕೋಟಿ ಪೌಂಡಿಗೂ ಮೇಲೆ. ಲೆಕ್ಕ ಹಾಕಿದರೆ ದಂಡ ನೂರಕ್ಕೆ ಎರಡೂ ಬೀಳದು. ಸಂಬಳವೂ ಆದಾಯವೂ ಒಂದೇ ತಕ್ಕಡಿಯ ಪದಾರ್ಥವಲ್ಲ, ಒಪ್ಪುತ್ತೇನೆ. ಆದರೂ ಬಡವನ ದಂಡಕ್ಕೆ ಮೇಲಿನ ಮಿತಿ ನೂರಕ್ಕೆ ಮೂರು ಆಗಿರುವಾಗ, ತನಿಖೆಗೆ ಕಾಗದ ಕೊಡದ ಅರಸನ ದಂಡ ಅದಕ್ಕೂ ಕೆಳಗೆ ನಿಂತದ್ದು ಸೋಜಿಗವಲ್ಲವೆ?

ಅದೇ ಕ್ಲಬ್ಬಿನ ಮೇಲೆ ಇಂಗ್ಲೆಂಡಿನ ಲೀಗು 2023ರ ಫೆಬ್ರವರಿಯಲ್ಲಿ ನೂರಕ್ಕೂ ಮೇಲ್ಪಟ್ಟು ಆರೋಪ ಹೊರಿಸಿತು. ಕ್ಲಬ್ಬು ಎಲ್ಲವನ್ನೂ ಅಲ್ಲಗಳೆಯಿತು. ಅದು ಅದರ ಹಕ್ಕು. ವಿಚಾರಣೆ ಆರಂಭವಾಗಲು 2024ರ ಸೆಪ್ಟೆಂಬರ್ ಬರಬೇಕಾಯಿತು. ಆ ನಡುವೆ ಎವರ್ಟನ್ ಎಂಬ ಸಾಧಾರಣ ಕ್ಲಬ್ಬು ಮೂರು ವರ್ಷದ ನಷ್ಟದ ಮಿತಿಯನ್ನು 1.95 ಕೋಟಿ ಪೌಂಡು ಮೀರಿತೆಂದು ಅದರ 10 ಅಂಕ ಕತ್ತರಿಸಿ, ಅಪೀಲಿನಲ್ಲಿ 6ಕ್ಕೆ ಇಳಿಸಿದ್ದೂ ಆಯಿತು. ನಾಟಿಂಗ್‌ಹ್ಯಾಮ್ ಫಾರೆಸ್ಟ್ 3.45 ಕೋಟಿ ಮೀರಿದರೂ 4 ಅಂಕದಲ್ಲೇ ಮುಗಿಯಿತು. ತಪ್ಪೊಪ್ಪಿ ಸಹಕರಿಸಿದರೆಂದು ರಿಯಾಯಿತಿ. ಹತ್ತಾರು ವಕೀಲರನ್ನು ನಿಲ್ಲಿಸಬಲ್ಲವನ ಮೊಕದ್ದಮೆ ನಿಧಾನ, ಇಲ್ಲದವನದು ಚುರುಕು. ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು, ಖರ್ಚಿಗೆ ಮಿತಿ ಏಕೆ, ಹಣವಿದ್ದವನು ಸುರಿಯಲಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಒಂದು ಅಂಶ ನಿಜ. ಯುರೋಪಿನ ಈಗಿನ ನಿಯಮದಂತೆ ಆಟಗಾರರ ಮೇಲಿನ ಖರ್ಚು ಆದಾಯದ ನೂರಕ್ಕೆ 70 ಮೀರಬಾರದು. ಆಗ 50 ಕೋಟಿ ಗಳಿಸುವವನು 35 ಕೋಟಿ ಖರ್ಚು ಮಾಡುತ್ತಾನೆ, 1 ಕೋಟಿಯವನು 70 ಲಕ್ಷಕ್ಕೆ ನಿಲ್ಲುತ್ತಾನೆ. ದೊಡ್ಡವನು ದೊಡ್ಡವನಾಗಿಯೇ ಉಳಿಯಲು ಬೇಲಿ ಹಾಕಿಕೊಟ್ಟಂತಾಯಿತು. ಬೇಲಿ ದಾಟಿದರೂ ಏನು? ಚೆಲ್ಸೀ ಎಂಬ ಶ್ರೀಮಂತ ಕ್ಲಬ್ಬು 2025ರಲ್ಲಿ 3.1 ಕೋಟಿ ಯೂರೋ ದಂಡ ಒಪ್ಪಿಕೊಂಡು ಆಟ ಮುಂದುವರಿಸಿತು. ಅಂಥವರಿಗೆ ದಂಡವೂ ಒಂದು ಬಾಡಿಗೆ. ಆದರೂ ಮಿತಿಯೇ ಬೇಡವೆಂದು ನಾನು ಹೇಳಲಾರೆ. ಹಣ ಸುರಿಯುವವನಿಗೆ ಒಂದು ದಿನ ಬೇಸರ ಬರುತ್ತದೆ. ಅಂದು ಅವನು ಕೈ ಕೊಡವಿದರೆ, ಅವನ ಹಣದ ಅಳತೆಗೆ ಬರೆದ ಕರಾರುಗಳು ಖಾಲಿ ತಿಜೋರಿಯ ಮುಂದೆ ಉಳಿಯುತ್ತವೆ. ಹೈದರಾಬಾದಿನಲ್ಲಿ ಅದನ್ನು ಕಣ್ಣಾರೆ ಕಂಡೆವು.

ಅಂಥ ದಿನ ಬಂದಾಗ ಮೊದಲ ಪಂಕ್ತಿಯಲ್ಲಿ ಯಾರು ಕೂರುತ್ತಾರೆ ಗೊತ್ತೆ? ಇಂಗ್ಲೆಂಡಿನಲ್ಲಿ ದಿವಾಳಿಯಾದ ಕ್ಲಬ್ಬು ಆಟಗಾರರ ಸಂಬಳವನ್ನೂ ಇತರ ಕ್ಲಬ್ಬುಗಳ ಬಾಕಿಯನ್ನೂ ಪೂರಾ ತೀರಿಸಬೇಕು, ಇಲ್ಲದಿದ್ದರೆ ಲೀಗಿನೊಳಗೆ ಜಾಗವಿಲ್ಲ. ಮಿಕ್ಕವರಿಗೆ ಉಳಿದದ್ದರಲ್ಲಿ ಪಾಲು. 2010ರಲ್ಲಿ ಪೋರ್ಟ್ಸ್‌ಮತ್ ಕ್ಲಬ್ಬು ಮುಳುಗಿದಾಗ ಬಾಕಿದಾರರ ಪಟ್ಟಿಯಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಕೂಡ ಇತ್ತು. ಮೈದಾನದಲ್ಲಿ ಬಿದ್ದವರನ್ನು ಎತ್ತಿಕೊಂಡು ಹೋಗುವ ಸೇವಾಸಂಸ್ಥೆ ಅದು. ಲಕ್ಷಗಟ್ಟಲೆ ಪಡೆಯುವವನು ಮೊದಲ ಪಂಕ್ತಿ, ಸ್ಟ್ರೆಚರ್ ಹೊರುವವನು ಕೊನೆಯ ಪಂಕ್ತಿ. ಇದನ್ನು ತಲೆಕೆಳಗು ಮಾಡಬೇಕು. ಚಿಕ್ಕ ಸಂಬಳ ಮೊದಲು, ದೊಡ್ಡ ಸಂಬಳ ಆಮೇಲೆ.

ಹಿಂದೆ ಕುಳಿತ ಅಣ್ಣ ಕೇಳುತ್ತಿದ್ದಾರೆ, ಹಾಗಾದರೆ ಏನು ಮಾಡಬೇಕೆನ್ನುತ್ತೀ ಎಂದು. ಜರ್ಮನಿಯಲ್ಲಿ ಸೀಸನ್ ತೊಡಗುವ ಮೊದಲೇ ಪ್ರತಿ ಕ್ಲಬ್ಬಿನ ಲೆಕ್ಕ ನೋಡಿ, ವರ್ಷ ತಳ್ಳುವಷ್ಟು ಹಣ ಇದೆಯೆಂದು ಕಂಡ ಮೇಲೆ ಲೈಸೆನ್ಸು ಕೊಡುತ್ತಾರೆ. ನಮ್ಮಲ್ಲಿಯೂ ಲೈಸೆನ್ಸು ಉಂಟು. ಅದರ ಜೊತೆಗೆ ಠೇವಣಿ ಬೇಕು. ಆಟಗಾರನಿಂದ ಹಿಡಿದು ಮಾಲಿಯವರೆಗೆ ಆರು ತಿಂಗಳ ಸಂಬಳವನ್ನು ಮಾಲಿಕನು ಮೊದಲೇ ಬ್ಯಾಂಕಿನಲ್ಲಿ ಇಡಲಿ. ಬಟವಾಡೆ ತಪ್ಪಿದ ತಿಂಗಳೇ ಅದರಿಂದ ಕೊಡಲಿ. ಅಂಕ ಕತ್ತರಿಸುವ ಮೊದಲು ಮಾಲಿಕನ ಹೆಸರನ್ನು ಕತ್ತರಿಸಲಿ: ಬಾಕಿ ತೀರುವ ತನಕ ಅವನು ಬೇರೆ ಯಾವ ಕ್ಲಬ್ಬಿನಲ್ಲೂ ಪಾಲು ಹಿಡಿಯಕೂಡದು. ಕ್ಲಬ್ಬನ್ನು ಮಾರಿದರೂ, ಬೇರೆ ಊರಿಗೆ ಸಾಗಿಸಿದರೂ, ಹಿಂದಿನ ಊರಿನ ಬಾಕಿಗೆಲ್ಲ ರಸೀದಿ ತೋರಿಸಿಯೇ ಹೋಗಬೇಕು. ದಂಡದ ಹಣ ಫೆಡರೇಷನ್ನಿನ ಪೆಟ್ಟಿಗೆಗೆ ಬೀಳುವ ಮೊದಲು ಸಂಬಳ ಸಿಗದವರಿಗೆ ಹಂಚಲಿ. ಇದು ನನ್ನ ಹೊಸ ಬುದ್ಧಿಯೇನೂ ಅಲ್ಲ. ಗ್ಲಾಸು ಒಡೆದ ಮಾಣಿಯ ದಂಡಕ್ಕೆ ಬರೆದ ನಿಯಮವನ್ನೇ ಧಣಿಯ ದಂಡಕ್ಕೂ ಬರೆಯಿರಿ ಎನ್ನುತ್ತಿದ್ದೇನೆ.

ಆಟದ ಫೆಡರೇಷನ್ನಿಗೆ ಬರೆಯುವ ಕಾಗದದ ಕರಡನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟಿದ್ದೇನೆ, ಓದಿ ತಿದ್ದಿಕೊಡಿ. ಹಾಗೆಯೇ ನಿಮ್ಮ ನಿಮ್ಮ ಹೋಟೆಲುಗಳಲ್ಲಿ ದಂಡದ ರಿಜಿಸ್ಟರು ಇದೆಯೇ, ಅದರ ಹಣ ಯಾವುದಕ್ಕೆ ಖರ್ಚಾಗುತ್ತಿದೆ ಎಂಬುದನ್ನು ವಿಚಾರಿಸಿ, ಮುಂದಿನ ಭಾನುವಾರದ ಕೂಟಕ್ಕೆ ಬರೆದು ತನ್ನಿ.