ಬ್ಯಾಂಕಿನೊಳಗೆ ಒಂದು ವರ್ಷ
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಹಾಸ್ಟೆಲಿಗೆ ಬ್ಯಾಂಕ್ ಅಪ್ರೆಂಟಿಸ್ ಜಾಹೀರಾತು ಬಂದ ದಿನ ಊಟದ ಸಾಲಿನಲ್ಲಿ ಬೇರೆ ಮಾತೇ ಇರೋದಿಲ್ಲ. ಆಯ್ಕೆಯಾದವನು 'ಅವ್ವಾ, ಬ್ಯಾಂಕ್ ಕೆಲಸ ಸಿಕ್ತು' ಅಂತ ಊರಿಗೆ ಫೋನು ಮಾಡ್ತಾನೆ. ನಾವೂ ಹಾಗೇ ಮಾಡಿದವರು. ಬಿ.ಎ. ಮುಗಿಸಿ ಪದ್ಯ ಬರೀತಾ ತಿರುಗುತ್ತಿದ್ದ ನಾವು ಮೂವರು ಒಂದು ವರ್ಷ ಬ್ಯಾಂಕಿನೊಳಗೆ ಇದ್ದು ಬಂದೆವು. ಅವ್ವಂದಿರಿಗೆ ಹೇಳಿದ್ದು ಸುಳ್ಳು ಅಂತ ಗೊತ್ತಾಗಲು ನಮಗೆ ಮೂರು ತಿಂಗಳು ಹಿಡಿಯಿತು.

ಅದು ಕೆಲಸ ಅಲ್ಲ. 1961ರ ಅಪ್ರೆಂಟಿಸ್ ಕಾಯ್ದೆ ನಮ್ಮನ್ನು ಕಾರ್ಮಿಕರು ಅನ್ನುವುದಿಲ್ಲ, ತರಬೇತಿ ಪಡೆಯುವವರು ಅನ್ನುತ್ತದೆ. ಕಾರ್ಮಿಕರ ಕಾನೂನುಗಳು ಬಹುಪಾಲು ನಮ್ಮನ್ನು ಮುಟ್ಟುವುದೇ ಇಲ್ಲ. (ಮುಟ್ಟದೇ ಇರೋದು ನಮಗೇನು ಹೊಸದಲ್ಲ ಬಿಡಿ.) 2024ರಲ್ಲಿ ಕೆನರಾ ಬ್ಯಾಂಕು 3000 ಪದವೀಧರರನ್ನು ಹೀಗೆ ಕರೆಯಿತು. ತಿಂಗಳಿಗೆ 15,000 ರೂಪಾಯಿ, ಅದರಲ್ಲಿ 4,500 ಸರ್ಕಾರದ ಪಾಲು. ಆಯ್ಕೆ ಪಿಯುಸಿ ಅಂಕದ ಮೇಲೆ. ನಮ್ಮವರಿಗೆ ಅರ್ಜಿ ಶುಲ್ಕ ಇಲ್ಲ. ವರ್ಷ ಮುಗಿದರೆ ಕೈಗೊಂದು ಸರ್ಟಿಫಿಕೇಟು, ನಂತರ ಬಾಗಿಲಾಚೆ. ಒಮ್ಮೆ ಅಪ್ರೆಂಟಿಸ್ ಆದವನನ್ನು ಮತ್ತೆ ತಗೊಳ್ಳೋದಿಲ್ಲ ಅನ್ನೋ ಷರತ್ತೂ ಅದರಲ್ಲೇ ಇರುತ್ತದೆ. ಅದನ್ನು ಯಾರೂ ಓದೋದಿಲ್ಲ, ನಾವೂ ಓದಿರಲಿಲ್ಲ.

ಹಾಗಾದರೆ ಹೋಗಬೇಡಿ ಅಂತೀರಾ ಅಂತ ಕೇಳ್ತೀರಿ. ತಡೀರಿ.

ನಾವಿದ್ದದ್ದು ಬೇರೊಂದು ಕಡೆ, ಹೆಸರು ಬೇಡ. ಮೊದಲ ದಿನವೇ ಒಬ್ಬರು 'ಯಾವೂರು? ಊರೊಳಗೆ ಎಲ್ಲಿ ಮನೆ?' ಅಂತ ಕೇಳಿ ತಿಳಿಯಬೇಕಾದ್ದನ್ನು ತಿಳಿದುಕೊಂಡರು. ನಮಗೆ ಕುರ್ಚಿ ಇರಲಿಲ್ಲ. ಪಾಸ್‌ಬುಕ್ ಮುದ್ರಿಸುವ ಯಂತ್ರದ ಪಕ್ಕ ನಿಲ್ಲಿಸಿದರು. ಚಲನ್ ಬರೆದುಕೊಡೋದು, ಆಧಾರ್ ಜೆರಾಕ್ಸಿಗೆ ಸಹಿ ಹಾಕಿಸೋದು, ಹೆಬ್ಬೆಟ್ಟು ಒತ್ತಿಸೋದು, ನಡುವೆ ಟೀ ತರೋದು. ಸಾಲದ ಕಡತ ಹೇಗೆ ಕಟ್ತಾರೆ ಅಂತ ಕೇಳಿದರೆ 'ಅದೆಲ್ಲ ನಿಮಗ್ಯಾಕೆ?'

ನಾಲ್ಕನೇ ತಿಂಗಳಲ್ಲಿ ಮ್ಯಾನೇಜರು ಒಂದು ಪಟ್ಟಿ ಕೊಟ್ಟು ಕೇರಿಗೆ ಕಳಿಸಿದರು. ಸಾಲ ಬಾಕಿಯವರ ಪಟ್ಟಿ. 'ನಿಮ್ಮವರೇ ಅಲ್ವಾ, ನೀವು ಕೇಳಿದ್ರೆ ಕೊಡ್ತಾರೆ' ಅಂದರು. ಟೈ ಕಟ್ಟದಿದ್ದರೂ ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ ನೇತಾಡುತ್ತಿತ್ತು. ಅದನ್ನು ನೋಡಿಯೇ ಎರಡು ಮನೆಯವರು ಬಾಗಿಲು ಹಾಕಿಕೊಂಡರು. ನಮ್ಮಂಥದೇ ಮನೆಗಳು. ಆ ಸಂಜೆ ಚೀಟಿಯನ್ನು ಜೇಬಿನೊಳಗೆ ಇಟ್ಟುಕೊಂಡದ್ದು ನೆನಪಿದೆ.

ಮೂರನೇ ಮನೆಯ ಅಕ್ಕ ಬಾಗಿಲು ಹಾಕಲಿಲ್ಲ. ಕುರಿ ಸಾಲ ಮಾಡಿದ್ದಳು. ಗಂಡ ಶ್ರಾವಣದಲ್ಲಿ ತೀರಿಹೋಗಿದ್ದ. ನೀರು ಕೊಟ್ಟು, ಟ್ರಂಕಿನಿಂದ ಎರಡು ಪಾಸ್‌ಬುಕ್ ತೆಗೆದು ಮುಂದಿಟ್ಟಳು. 'ನನ್ನದರಲ್ಲೂ ಅವರದರಲ್ಲೂ ವರ್ಷಾ ವರ್ಷಾ ಹಿಡ್ಕೋತಾರೆ ಕಣಪ್ಪ, ಸಾಲಕ್ಕೆ ಜಮಾ ಆಗಿರ್ಬೇಕಲ್ಲ?' ಅಂದಳು. ನೋಡಿದರೆ ಗಂಡನ ಪುಸ್ತಕದಲ್ಲಿ ಮೇ ತಿಂಗಳ ಸಾಲೊಂದು: 436 ರೂಪಾಯಿ, ಪಿಎಂಜೆಜೆಬಿವೈ. ಅದು ಸಾಲದ ಕಂತಲ್ಲ, ಜೀವನ್ ಜ್ಯೋತಿ ವಿಮೆಯ ಕಂತು. ಜೂನ್ 1ರಿಂದ ಮುಂದಿನ ಮೇ 31ರವರೆಗೆ ಅದರ ಅವಧಿ. ಆ ಅವಧಿಯಲ್ಲಿ ಖಾತೆದಾರ ಸತ್ತರೆ ನಾಮಿನಿಗೆ 2 ಲಕ್ಷ ಬರಬೇಕು.

ಬಾಬಾಸಾಹೇಬರು 1923ರಲ್ಲೇ ರೂಪಾಯಿಯ ಸಮಸ್ಯೆಯ ಮೇಲೆ ಗ್ರಂಥ ಬರೆದರು. ಅವರ ಪಟ ಇಟ್ಟುಕೊಂಡ ನಮ್ಮ ಮನೆಗಳಲ್ಲಿ ಪಾಸ್‌ಬುಕ್ಕಿನ ಆ ಒಂದು ಸಾಲು ಓದೋರಿಲ್ಲ. ಬಿ.ಎ. ಮಾಡಿದ ನಮಗೇ ಯಂತ್ರದ ಪಕ್ಕ ನಾಲ್ಕು ತಿಂಗಳು ನಿಂತ ಮೇಲೆ ಅರ್ಥವಾದದ್ದು.

ಮಾರನೇ ದಿನ ವಸೂಲಿಯ ದುಡ್ಡಿನ ಬದಲು ಸಾವಿನ ದಾಖಲೆ ಹಿಡಿದು ಹೋದೆವು. 'ಹೋಗ್ಲಿ ಬಿಡ್ರೋ, ಅದೆಲ್ಲ ಆಗೋ ಕೆಲಸ ಅಲ್ಲ' ಅಂದರು ಮ್ಯಾನೇಜರು. ಆದರೆ ಕೌಂಟರಿನಲ್ಲಿ ಒಬ್ಬ ಹಳೇ ಕ್ಲರ್ಕಮ್ಮ ಇದ್ದರು. ಮೀಸಲಾತಿಯಲ್ಲಿ ಬಂದವರು, ಅಲ್ಲಿಯವರೆಗೆ ನಮ್ಮ ಜತೆ ಒಂದು ಮಾತೂ ಆಡಿರಲಿಲ್ಲ. ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಅವರು ಎದ್ದು ಬೀರುವಿನಿಂದ ಕ್ಲೇಮು ಫಾರಂ ತೆಗೆದು, ತಮ್ಮ ಪಕ್ಕ ಒಂದು ಕುರ್ಚಿ ಎಳೆದು, 'ಕೂತ್ಕೊಂಡು ತುಂಬಿಸು' ಅಂದರು. ಆ ವರ್ಷ ನಾವು ಕೂತ ಮೊದಲ ಕುರ್ಚಿ ಅದು.

ದುಡ್ಡು ಬಂತು, ಎರಡು ತಿಂಗಳಾಯಿತು ಅಷ್ಟೆ. ಬಂದ ದಿನ ಮ್ಯಾನೇಜರು ಮೊದಲು ಕೇಳಿದ್ದು ಕುರಿ ಸಾಲದ ಬಾಕಿಯನ್ನೇ. ಅಕ್ಕ ಕಟ್ಟಿದಳು, ರಸೀದಿ ಕೇಳಿ ಇಸಕೊಂಡಳು.

ಈಗ ನಮ್ಮ ಮೂವರಲ್ಲಿ ಒಬ್ಬ ಕ್ಲರ್ಕ್ ಪರೀಕ್ಷೆಗೆ ಓದುತ್ತಿದ್ದಾನೆ. ಒಬ್ಬ ಬೆಂಗಳೂರಿನಲ್ಲಿ ಗೋಡೌನ್ ಕಾಯ್ತಾನೆ, ಸರ್ಟಿಫಿಕೇಟು ಅವನ ಪೆಟ್ಟಿಗೆಯಲ್ಲಿದೆ. ಹೋಗೋದಾದರೆ ಇದನ್ನೆಲ್ಲ ತಿಳಿದು ಹೋಗಿ. ಕರಾರುಪತ್ರ ಪೂರ್ತಿ ಓದಿ, ಅದರ ಪ್ರತಿ ಕೇಳಿ ಇಸಕೊಳ್ಳಿ. ಅಲ್ಲಿದ್ದಾಗ ಸಾಲದ ಕಡತವನ್ನು ಕದ್ದಾದರೂ ಕಲಿಯಿರಿ.

ಹಬ್ಬಕ್ಕೆ ಊರಿಗೆ ಹೋದವರು ವಾಪಸು ಬರುವಾಗ ಮನೆಯ ಪಾಸ್‌ಬುಕ್ಕುಗಳನ್ನು ತನ್ನಿ. ಭಾನುವಾರ ಮಧ್ಯಾಹ್ನ ನಾವು ಇಲ್ಲೇ ಇರ್ತೀವಿ, ಒಂದೊಂದೇ ಸಾಲು ಕೂತು ಓದೋಣ.