ಕರೆಯದೆ ಬಂದ ಬೇವು



ಆದಿಕವಿ ಪಂಪನನ್ನು ನಾವು ಬನವಾಸಿಗೆ ಒಪ್ಪಿಸಿಬಿಟ್ಟಿದ್ದೇವೆ. ಮಾವು, ಎಲೆಬಳ್ಳಿ, ಜಾಜಿ, ಸಂಪಿಗೆ, ಕೋಗಿಲೆ, ತುಂಬಿ ಎಂದು ಆತನು ತನ್ನ ಭಾರತದಲ್ಲಿ ಆ ನಾಡನ್ನು ನೆನೆದ ಬಗೆಯು ಸಾವಿರ ವರ್ಷಗಳು ಉರುಳಿದರೂ ಕನ್ನಡಿಗರ ಕಿವಿಯಿಂದ ಅಳಿಯದೆ ಇರುವುದರಿಂದ, ಆ ಕವಿಯ ತಾಯಿಯ ಬಳಗವು ಬೆಳ್ವೊಲದ ಬಯಲಿನ ಅಣ್ಣಿಗೇರಿಯದು ಎಂಬ ಸಂಗತಿ ನಮ್ಮ ಧಾರವಾಡ ಜಿಲ್ಲೆಯವರಿಗೇ ಎಷ್ಟೋ ವೇಳೆ ನೆನಪಿಗೆ ಬರುವುದಿಲ್ಲ. ಆತನ ತಮ್ಮ ಜಿನವಲ್ಲಭನು ಇಂದಿನ ತೆಲಂಗಾಣದ ಕುರ್ಕ್ಯಾಲದ ಗುಡ್ಡದ ಬಂಡೆಯ ಮೇಲೆ ಕೆತ್ತಿಸಿದ ಶಾಸನವು, ತಮ್ಮ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಸ್ಪಷ್ಟವಾಗಿ ಸಾರುತ್ತದೆ. ಮಲೆನಾಡಿನ ಸೆರಗಿನ ಸಂಪಿಗೆಗೆ ಕವಿಯ ಮಾತು ದೊರೆಯಿತು. ಎರೆನಾಡಿನ ಬೇವು, ಬನ್ನಿ, ಜಾಲಿಗಳಿಗೆ ಅಂಥ ಖ್ಯಾತಿ ಒದಗಲಿಲ್ಲ.

ಇದನ್ನು ನನಗೆ ನೆನಪಿಸಿದ್ದು ಯಾವ ಗ್ರಂಥವೂ ಅಲ್ಲ, ಒಬ್ಬ ಸ್ನೇಹಿತರ ಹೊಸ ಮನೆಯ ಅಂಗಳ. ಅಣ್ಣಿಗೇರಿಯ ಹೊರವಲಯದಲ್ಲಿ, ನಿನ್ನೆ ಮೊನ್ನೆಯವರೆಗೆ ಕಡಲೆ ಬೆಳೆಯುತ್ತಿದ್ದ ಹೊಲವೊಂದು ಎನ್.ಎ., ಅಂದರೆ ಕೃಷಿಯೇತರ ಜಮೀನು, ಆಗಿ, ಸುಣ್ಣ ಬಳಿದ ಗೂಟಗಳಿಂದ ಪ್ಲಾಟುಗಳಾಗಿ ವಿಭಾಗಗೊಂಡಾಗ, ಅವರೊಂದು ತುಂಡನ್ನು ಕೊಂಡು, ಬುನಾದಿಗೆ ಗಾಡಿಗಟ್ಟಲೆ ಗರಸು ಸುರಿಸಿ ಮನೆ ಕಟ್ಟಿದರು. ಮುಂಭಾಗದಲ್ಲಿ ಹುಲ್ಲುಹಾಸು, ಕಂಪೌಂಡಿನ ಗುಂಟ ಉದ್ದನೆಯ ಅಶೋಕ, ಬಾಗಿಲಿನ ಎರಡೂ ಮಗ್ಗುಲಿಗೆ ಬಣ್ಣಬಣ್ಣದ ಕ್ರೋಟನ್ ನೆಡಿಸಿದರು. ಎರೆಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಮುಂದಿನ ಕಥೆಯನ್ನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಕೆರಕ್ಕೆ ಸೇರುಗಟ್ಟಲೆ ಅಂಟಿಕೊಂಡು, ಬೇರಿಗೆ ಉಸಿರಾಡಗೊಡದ ಈ ಮಣ್ಣೇ ಚೈತ್ರ ವೈಶಾಖಗಳಲ್ಲಿ ಒಣಗಿ ಕುಗ್ಗಿ, ಮೊಳಕೈವರೆಗೆ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ಬಿರುಕಿನ ಎರಡು ದಡಗಳ ನಡುವೆ ಸಿಕ್ಕ ಎಳೆಯ ಬೇರು ದಾರದಂತೆ ಹರಿಯುತ್ತದೆ. ಎರಡನೆಯ ಬೇಸಿಗೆಗೆ ಹುಲ್ಲುಹಾಸು ಹೋಯಿತು, ಮೂರನೆಯದಕ್ಕೆ ಅಶೋಕಗಳು ಶೋಕಕ್ಕೆ ಕಾರಣವಾದವು. ತಪ್ಪು ಸಸಿ ಮಾರಿದವರದಲ್ಲ. ನೆಲವನ್ನು ಕೇಳದೆ ನೆಟ್ಟವರದು.

ಆದರೆ ಬೀದಿಯ ಕರೆಂಟಿನ ತಂತಿಯ ಕೆಳಗೆ, ಗೋಡೆಯ ಬುಡದಲ್ಲಿ, ಯಾರೂ ನೆಡದ ಒಂದು ಬೇವಿನ ಸಸಿ ಕಾಣಿಸಿಕೊಂಡಿತು. ಮುಂಗಾರಿನ ಮೊದಲಲ್ಲಿ ಬೇವಿನ ಹಣ್ಣು ಹಳದಿಗೆ ತಿರುಗುತ್ತಲೇ ಕಾಗೆ, ಗೊರವಂಕ, ಪಿಕಳಾರಗಳು ಅದಕ್ಕೆ ಮುತ್ತುತ್ತವೆ, ಕೋಗಿಲೆಯೂ ಮುತ್ತುತ್ತದೆ. ತಿರುಳನ್ನು ತಿಂದು, ತಂತಿಯ ಮೇಲೆ ಕುಳಿತು ಬೀಜವನ್ನು ಉದುರಿಸುತ್ತವೆ. ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುವ ಆ ಬೀಜವು ಹಸಿ ನೆಲಕ್ಕೆ ಬೀಳುವುದು ಹೀಗೆ, ಸರಿಯಾದ ಹೊತ್ತಿಗೆ. ಬನವಾಸಿಯ ಪದ್ಯದಲ್ಲಿ ಹಾಡಿದ ಕೋಗಿಲೆಯು ಬೆಳ್ವೊಲದಲ್ಲಿ ತೋಟಿಗನ ಕೆಲಸವನ್ನೂ ಮಾಡುತ್ತದೆಂದು ನಾನು ಅಂದಾಗ ಸ್ನೇಹಿತರು ನಕ್ಕರು. ಸಸಿಯನ್ನು ಕಿತ್ತೊಗೆಯಲು ಆಳಿಗೆ ಹೇಳಿದ್ದರಂತೆ. ತಡೆದವರು ಅವರ ತಾಯಿ. “ಬ್ಯಾಡೋ ಯಪ್ಪಾ, ನೀ ಕರಕೊಂಡ ಬಂದದ್ದೆಲ್ಲಾ ಸತ್ತು ಹೋತು. ಇದು ತಾನ ಬಂದೈತಿ, ಇರಲಿ ಬಿಡು,” ಎಂದು, ಅಂದಿನಿಂದ ಅಕ್ಕಿ ತೊಳೆದ ನೀರನ್ನು ಅದರ ಬುಡಕ್ಕೆ ಚೆಲ್ಲುವ ರೂಢಿಯನ್ನಿಟ್ಟುಕೊಂಡರು.

ಅಣ್ಣಿಗೇರಿಯೆಂದರೆ ಅಮೃತೇಶ್ವರನ ಗುಡಿಯೊಂದೇ ಅಲ್ಲ ಎಂದು ನನಗೆ ಅನ್ನಿಸಿದ್ದು ಆಗ. ಸುಮಾರು 1050ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕಪ್ಪು ಬಳಪದ ಕಲ್ಲಿನಲ್ಲಿ ಎದ್ದ, 76 ಕಂಬಗಳ ಆ ದೇಗುಲಕ್ಕೆ ಸರಕಾರದ ರಕ್ಷಣೆಯ ಫಲಕವಿದೆ, ಇರಬೇಕಾದದ್ದೇ. ಹೊಲದ ಬದುವಿನ ಬನ್ನಿಗೆ ಫಲಕವಿಲ್ಲ. ಪಾಂಡವರು ಅಜ್ಞಾತವಾಸದಲ್ಲಿ ಆಯುಧಗಳನ್ನು ಬಚ್ಚಿಟ್ಟ ವೃಕ್ಷವೆಂದು ವಿಜಯದಶಮಿಯ ಸಂಜೆ ಅದರ ಎಲೆಯನ್ನು ಕೈಗಿತ್ತು, “ಬನ್ನಿ ತಗೊಂಡು ಬಂಗಾರದಂಗ ಇರೋಣು” ಎಂದು ಹಿರಿಯರ ಕಾಲಿಗೆರಗುವ ನಾವು, ಆ ಎಲೆಗಾಗಿ ಟೊಂಗೆಟೊಂಗೆಗಳನ್ನೇ ಮುರಿದು ತರುವುದನ್ನು ಕಂಡಾಗ, ಭಕ್ತಿಗೂ ಒಂದಿಷ್ಟು ವಿವೇಕ ಬೇಡವೇ ಎನ್ನಿಸುತ್ತದೆ.

ಪ್ರಾಣಿಗಳ ವಿಷಯದಲ್ಲಿಯೂ ನಮ್ಮ ಪ್ರೀತಿ ಹೀಗೆಯೇ ವಿಚಿತ್ರ. ನೆರೆಯೂರು ನವಲಗುಂದದ ಹೆಸರು ನವಿಲಿನಿಂದ ಬಂದುದೆಂದು ಜನ ಹೇಳುತ್ತಾರೆ. ಅಲ್ಲಿಯ ಮುಸ್ಲಿಂ ಹೆಣ್ಣುಮಕ್ಕಳು ಮಗ್ಗದ ಮೇಲೆ ನೇಯುವ ಜಮಖಾನೆಯಲ್ಲಿ ಪಗಡೆಯ ಹಾಸಿನ ಪಕ್ಕದಲ್ಲಿ ನವಿಲು ನಿಂತಿರುತ್ತದೆ. ಆ ಕುಶಲತೆಯನ್ನು, ಮದುವೆಯಾಗಿ ಬೇರೆ ಊರಿಗೆ ಹೋಗುವ ಮಗಳಿಗೆ ಕಲಿಸದೆ ಮನೆಗೆ ಬರುವ ಸೊಸೆಗೆ ಕಲಿಸುತ್ತಿದ್ದರಂತೆ. ಹಾಸಿನ ಮೇಲಿನ ನವಿಲನ್ನು ನಾವು ಮೆಚ್ಚುತ್ತೇವೆ, ಹೊಲಕ್ಕಿಳಿದ ನವಿಲನ್ನು ಬೈಯುತ್ತೇವೆ. ಚಿಗರಿಯದೂ ಅದೇ ಪಾಡು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿಗೆ ಅಭಿಮಾನದಿಂದ ಅದರ ಹೆಸರನ್ನಿಟ್ಟಿದ್ದೇವೆ. ಕುಂದಗೋಳ, ನವಲಗುಂದಗಳ ಎರೆ ಹೊಲಗಳಲ್ಲಿ ನಿಜವಾದ ಚಿಗರಿಗಳ ಹಿಂಡು ಹೆಸರು, ಕಡಲೆಯ ಎಳೆಯ ಪೈರನ್ನು ಮೇಯ್ದು ಹೋದ ಬೆಳಗ್ಗೆ ಬದುವಿನ ಮೇಲೆ ನಿಂತ ರೈತನ ಮೋರೆಯನ್ನು ನೋಡಿದವರು ಮಾತ್ರ ಪ್ರಾಣಿದಯೆಯನ್ನು ಕುರಿತು ಅವನಿಗೆ ಸುಲಭವಾಗಿ ಉಪದೇಶ ಮಾಡಲಾರರು. ನಾನಂತೂ ಮಾಡಲಾರೆ. ಆದರೂ ಹೂಡುವ ಹೊಲ ಪ್ಲಾಟಾದಂತೆಲ್ಲ ಚಿಗರಿಗೆ ಉಳಿಯುವುದು ಪಕ್ಕದವನ ಹೊಲವೊಂದೇ ಎಂಬುದನ್ನು ಅವನೂ ಬಲ್ಲ.

ಸ್ನೇಹಿತರ ಅಂಗಳದ ಬೇವು ಈಗ ಮಾಳಿಗೆಯ ಎತ್ತರಕ್ಕೆ ಬೆಳೆದಿದೆ. ಮುಸ್ಸಂಜೆಗೆ ಅದರ ಮೇಲೆ ಹಾಲಕ್ಕಿಯ ಜೋಡಿಯೊಂದು ಕುಳಿತು ಕಿಚಗುಟ್ಟುತ್ತದೆ; ಬುಡಬುಡಿಕೆಯವನು ಹೇಳುವ ಶಕುನದ ಹಕ್ಕಿಯೇ ಅದು. ಅದು ಹಿಡಿಯುವುದು ದೀಪದ ಕಂಬಕ್ಕೆ ಮುತ್ತುವ ಹುಳಗಳನ್ನು ಎಂದು ತಿಳಿದ ಮೇಲೆ ಸ್ನೇಹಿತರ ಹೆಂಡತಿಯವರ ಅಂಜಿಕೆ ಕಡಿಮೆಯಾಗಿದೆ.

ಮರ ಮೊದಲ ಬಾರಿ ಹೂ ತಳೆದ ಯುಗಾದಿಯ ಬೆಳಗಿಗೆ ನಾನು ಅಲ್ಲಿದ್ದೆ. ಬೇವು ಬೆಲ್ಲಕ್ಕೆಂದು ಆ ತಾಯಿ ಹಳೆಯ ಧೋತರವೊಂದನ್ನು ಬುಡದಲ್ಲಿ ಹಾಸಿ, ಕೈಗೆಟುಕುವ ಗೆಲ್ಲನ್ನು ಮೆಲ್ಲನೆ ಅಲುಗಿಸಿದರು. ಜೋಳದ ನುಚ್ಚಿನಂತೆ ಬಿಳಿಯ ಹೂ ಒಂದು ಹಿಡಿಯಷ್ಟು ಉದುರಿತು. ಬಿಸಿಲೇರಿದ ಪೂರ್ವದ ಕಡೆಯ ಗೆಲ್ಲಿನಲ್ಲಿ ಇನ್ನೂ ದಟ್ಟವಾಗಿ ಅರಳಿತ್ತು. ಅದನ್ನೂ ಅಲುಗಿಸಲೇ ಎಂದು ನಾನು ಕೈಯೆತ್ತಿದೆ. “ಬ್ಯಾಡ ತಮ್ಮಾ,” ಎಂದರು, “ಅಲ್ಲಿ ಜೇನ್ನೊಣ ಉಣ್ಣಾಕತ್ತಾವ. ನಮಗ ಇಷ್ಟ ಸಾಕು.”