ಮಗುವಿನ ಕೈಗೆ ಎಟುಕುವ ವಿಷ

(ಕಿರಂಗೂರಿನಲ್ಲಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)



ಕುಡಿಯಬೇಡಿರೆಂದು ಉಪದೇಶ ಮಾಡಲು ನಾನು ಬಂದಿಲ್ಲ. ಆ ಉಪದೇಶವನ್ನು ನೀವು ಸಾಕಷ್ಟು ಕೇಳಿದ್ದೀರಿ. ಇಂದಿನ ಮಾತು ಕುಡಿಯುವವನದಲ್ಲ. ಮದ್ಯವೆಂದರೇನೆಂದೇ ಅರಿಯದ ಎರಡು ವರ್ಷದ ಮಗುವಿನದು.

ನಮ್ಮ ಗದ್ದೆಯ ಕಬ್ಬು ಗಾಣಕ್ಕೆ ಹೋಗುತ್ತದೆ, ಸಕ್ಕರೆಯಾಗುತ್ತದೆ. ಉಳಿದ ಕಾಕಂಬಿಯಿಂದ ಸ್ಪಿರಿಟ್ ಆಗುತ್ತದೆ. ಆ ಸ್ಪಿರಿಟ್ಟೇ ಬಣ್ಣದ ಪೊಟ್ಟಣ ತೊಟ್ಟು ನಮ್ಮ ಮನೆಗೇ ಮರಳುತ್ತದೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆದರೆ ಇಂದು 90 ಮಿ.ಲೀ. ಮದ್ಯ ಕಾಗದದ ಪೊಟ್ಟಣದಲ್ಲಿ, ಮಾವಿನ ರಸದ ಪೊಟ್ಟಣದಂತೆಯೇ ಬರುತ್ತಿದೆ. 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳೇ ಇಂಥ ಪೊಟ್ಟಣ ಹಣ್ಣಿನ ರಸದ ಪೊಟ್ಟಣದಂತೆ ಕಾಣುತ್ತದೆಂದು ಕಳವಳಪಟ್ಟರು. ನ್ಯಾಯಮೂರ್ತಿಗಳ ಕಣ್ಣಿಗೇ ಹಾಗೆ ಕಂಡ ಮೇಲೆ ಮಗುವಿನ ಕಣ್ಣಿಗೆ ಹೇಗೆ ಕಂಡೀತು?

ವ್ಯಾಪಾರ ಬಲ್ಲವರು ನೀವು, ಲೆಕ್ಕ ಹಾಕಿ ನೋಡಿ. ಆ ಪೊಟ್ಟಣದಲ್ಲಿ ನೂರಕ್ಕೆ 42.8 ಪಾಲು ಮದ್ಯಸಾರ. ತೂಕದಲ್ಲಿ ಸುಮಾರು 30 ಗ್ರಾಂ. ಮಗುವಿನ ತೂಕದ ಒಂದೊಂದು ಕಿಲೋಗೆ 3 ಗ್ರಾಂ ಒಳಗೆ ಹೋದರೆ ಪ್ರಾಣಕ್ಕೇ ಸಂಚಕಾರ. ಹತ್ತು ಕಿಲೋ ತೂಗುವ ಮಗುವಿಗೆ ಒಂದೇ ಪೊಟ್ಟಣ ಸಾಕು. ಅರುವತ್ತು ಕಿಲೋದ ಆಳಿಗೆ ಒಂದೇ ಸಲಕ್ಕೆ ಆರು ಪೊಟ್ಟಣ ಕುಡಿಸಿದ ಹಾಗೆ!

ಅಷ್ಟು ಬೇಡ, ಒಂದೆರಡು ಗುಟುಕೂ ಅಪಾಯವೇ. ಹೊಟ್ಟೆ ಬರಿದಾದಾಗ ಮಗುವಿನ ಯಕೃತ್ತು ರಕ್ತಕ್ಕೆ ಸಕ್ಕರೆಯನ್ನು ತಯಾರಿಸಿ ಕೊಡುತ್ತದೆ. ಮದ್ಯಸಾರ ಆ ಕೆಲಸವನ್ನು ತಡೆಯುತ್ತದೆ. ಮಗು ತೂಕಡಿಸುತ್ತದೆ, ಮೈ ತಣ್ಣಗಾಗುತ್ತದೆ, ಫಿಟ್ಸ್ ಬರುತ್ತದೆ, ಉಸಿರು ನಿಧಾನವಾಗುತ್ತದೆ. "ನಿದ್ದೆ ಬಂದಿದೆ, ಮಲಗಲಿ" ಎಂದು ಬಿಡುವುದೇ ದೊಡ್ಡ ಗಂಡಾಂತರ. ಸಕ್ಕರೆಯ ನಾಡಿನಲ್ಲಿ ರಕ್ತದಲ್ಲಿ ಸಕ್ಕರೆಯಿಲ್ಲದೆ ಮಗು ಸಾಯಬೇಕೆ?

ವಿಷ ಹೆಂಡದ ಪೊಟ್ಟಣದಲ್ಲಷ್ಟೇ ಇಲ್ಲ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಮದ್ಯಸಾರ ಇನ್ನೂ ಹೆಚ್ಚು. 2021ರ ಜನವರಿ 31ರಂದು ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಪೋಲಿಯೋ ಹನಿಯ ಬದಲು ಸ್ಯಾನಿಟೈಸರ್ ಹಾಕಿ, 12 ಮಕ್ಕಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ದೊಡ್ಡವರ ಕೈಯೇ ತಪ್ಪುವಾಗ ಮಗುವನ್ನು ದೂರಿ ಫಲವೇನು?

ಆದ್ದರಿಂದ ಈ ಕೆಲವನ್ನು ಇಂದೇ ಮಾಡಿರಿ. ಬಾಟಲಿ, ಪೊಟ್ಟಣ, ಸ್ಪಿರಿಟ್ ಇವುಗಳನ್ನು ಗೋಡೆಯ ಗೂಡಿನಲ್ಲಿ, ಮಂಚದ ಕೆಳಗೆ ಇಡಬೇಡಿರಿ; ಅಟ್ಟದ ಮೇಲೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿರಿ. ಲೋಟದಲ್ಲಿ ಉಳಿದದ್ದನ್ನು ರಾತ್ರಿಯೇ ಚೆಲ್ಲಿರಿ. ಬೆಳಿಗ್ಗೆ ಮೊದಲು ಏಳುವುದು ಮಗು. ಶೀತಕ್ಕೆಂದು ಎರಡು ಹನಿ ಬ್ರಾಂದಿ ನೆಕ್ಕಿಸುವ ರೂಢಿಯನ್ನು ಬಿಡಿರಿ. ಕಾರ್ಖಾನೆಯಿಂದ ಸ್ಪಿರಿಟ್, ಥಿನ್ನರ್‌ಗಳನ್ನು ನೀರಿನ ಬಾಟಲಿಯಲ್ಲಿ ತರಬೇಡಿರಿ. ವರ್ತಕ ಬಂಧುಗಳು ಅವನ್ನು ಸೋಡಾ ಬಾಟಲಿಗೆ ಬಗ್ಗಿಸಿ ಮಾರಬೇಡಿರಿ.

ಮಗು ಕುಡಿದೇಬಿಟ್ಟರೆ? ಉಪ್ಪುನೀರು ಕುಡಿಸಬೇಡಿರಿ, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿರಿ, ತಣ್ಣೀರು ಸುರಿಯಬೇಡಿರಿ. ತೂಕಡಿಸುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ, ಬೆಚ್ಚಗೆ ಹೊದಿಸಿ, 108ಕ್ಕೆ ಕರೆ ಮಾಡಿರಿ. ಕುಡಿದ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ನಾಚಿಕೆಯಿಂದ ಸುಳ್ಳು ಹೇಳಬೇಡಿರಿ. ವೈದ್ಯರಿಗೆ ಸತ್ಯ ತಿಳಿದರೆ ರಕ್ತದ ಸಕ್ಕರೆ ನೋಡಿ ಕೂಡಲೇ ಗ್ಲೂಕೋಸ್ ಕೊಡುತ್ತಾರೆ. ಮಗು ಬದುಕುತ್ತದೆ.

ಇಷ್ಟಾದರೂ ತಾಯಿಯೊಬ್ಬಳನ್ನೇ ಅಜಾಗರೂಕಳೆಂದು ಬೈಯುವುದು ಸುಲಭ. ಒಂದೇ ಕೋಣೆಯ ಮನೆಯಲ್ಲಿ ಬೀಗದ ಬೀರು ಎಲ್ಲಿಂದ ಬರಬೇಕು? ಗಂಡ ಪಾಳಿಗೆ, ಹೆಂಡತಿ ಕೂಲಿಗೆ ಹೋದರೆ ಮಗುವನ್ನು ನೋಡುವವರು ಯಾರು? ಪೊಟ್ಟಣ ಪೊಟ್ಟಣಕ್ಕೂ ಸುಂಕ ಎಣಿಸಿಕೊಳ್ಳುವ ಸರ್ಕಾರಕ್ಕೆ ಅದರ ಆಕಾರವನ್ನು ಬದಲಿಸಲು, ಮಗು ತೆರೆಯಲಾಗದ ಮುಚ್ಚಳ ಹಾಕಿಸಲು ಕೈಯಾಗದೆ? ಕೆಲಸದ ಹೊತ್ತಿಗೆಲ್ಲಾ ತೆರೆದಿರುವ ಶಿಶುವಿಹಾರ ನಡೆಸಲು ಹಣವಿಲ್ಲವೆ? ಇವು ನಮ್ಮ ಹಕ್ಕೊತ್ತಾಯಗಳು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿರಿ, ಕಾರ್ಮಿಕ ಸಂಘದಲ್ಲಿ ನಿರ್ಣಯ ಮಾಡಿರಿ.

ಅಲ್ಲಿಯವರೆಗೆ ಕಾಯಬೇಡಿರಿ. ಈ ರಾತ್ರಿ ಮನೆಗೆ ಹೋದೊಡನೆ ಮಗುವಿನ ಎತ್ತರಕ್ಕೆ ಬಗ್ಗಿ ಒಮ್ಮೆ ಸುತ್ತ ನೋಡಿರಿ. ಕೈಗೆ ಸಿಕ್ಕಿದ್ದನ್ನು ಅಟ್ಟಕ್ಕೆ ಏರಿಸಿರಿ.